ಉಪ್ಪು ಮುಗಿದ ಮೂಲೆ

"ಅದಲ್ಲ, ಪಕ್ಕದ್ದು. ಎಲೆ ಎತ್ತಿ ನೋಡು," ಎಂದ ಅಪ್ಪ.

ಗುಂಡಿ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಬೆರಳಲ್ಲಿ ಎಲೆ ಎತ್ತಿದಳು. ಎಲೆಯ ಅಡಿಯಲ್ಲಿ ಕಂದುಬಣ್ಣದ ಒಂದು ಸಿಂಬಳದ ಹುಳು ಆರಾಮಾಗಿ ಅಂಟಿಕೊಂಡಿತ್ತು. ಬಸವನಹುಳುವಿಗೆ ಬೆನ್ನ ಮೇಲೆ ಚಿಪ್ಪಾದರೂ ಇರುತ್ತದೆ, ಹಿಡಿದು ಎತ್ತಬಹುದು. ಇದಕ್ಕೆ ಅದೂ ಇಲ್ಲ, ಮೈಯೆಲ್ಲ ಲೋಳೆ. ಹೆಸರಿಟ್ಟವರು ಸುಳ್ಳು ಹೇಳಿಲ್ಲ ಬಿಡಿ.

"ಥೂ," ಎಂದಳು ಗುಂಡಿ. ಟಾರ್ಚು ಬಾಯಿಂದ ಜಾರಿ ಕೆಸರಿಗೆ ಬಿತ್ತು.

"ಹೆಕ್ಕಿ ಡಬ್ಬಿಗೆ ಹಾಕಮ್ಮ. ಕಚ್ಚಲ್ಲ ಅದು."

"ಕಚ್ಚಿದ್ರೂ ಪರವಾಗಿಲ್ಲ ಅಪ್ಪ. ಇದು ಅಂಟುತ್ತೆ."

ಅಪ್ಪ ನಗಲಿಲ್ಲ. ಎಡಗೈಯಲ್ಲಿ ಕೊಡೆ ಹಿಡಿದು ಅವಳ ಹಿಂದೆ ನಿಂತಿದ್ದ. ಕೊಡೆಯ ನೀರು ಸರಿಯಾಗಿ ಅವಳ ಕುತ್ತಿಗೆಗೇ ಇಳಿಯುತ್ತಿತ್ತು. ಗುಂಡಿ ಕಣ್ಣು ಮುಚ್ಚಿ ಹುಳುವನ್ನು ಕಿತ್ತು ತಗಡಿನ ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಆಗಲೇ ಒಂಬತ್ತು ಹುಳುಗಳಿದ್ದವು. ಅವನ್ನೆಲ್ಲ ರಸ್ತೆಯ ಆಚೆಗಿನ ಖಾಲಿ ಜಾಗಕ್ಕೆ ಸುರಿದು ಬರಬೇಕು. ಆಮೇಲೆ ಕೈಗೆ ಮೂರು ಸಲ ಸೋಪು ಹಾಕಬೇಕು. ಮೂರು ಸಲ ಹಾಕಿದರೂ ಲೋಳೆ ಹೋಗುವುದಿಲ್ಲ, ಇನ್ನೂ ಚೆನ್ನಾಗಿ ಹರಡುತ್ತದೆ ಅಷ್ಟೆ.

ಹಾಗಾದರೆ ಅಪ್ಪನೇ ಹೆಕ್ಕಬಹುದಿತ್ತಲ್ಲ? ಹೆಕ್ಕಲು ನೋಡಿದ್ದ. ಮೊದಲ ದಿನ ಬಲಗೈಯಲ್ಲಿ ನಾಲ್ಕು ಸಲ ಪ್ರಯತ್ನಿಸಿದ. ನಾಲ್ಕು ಸಲವೂ ಹುಳು ಬೆರಳ ಸಂದಿಯಿಂದ ಜಾರಿ ಬಿತ್ತು. ಆಮೇಲೆ ಅವನು ಡಬ್ಬಿಯನ್ನು ಮಗಳ ಕೈಗೆ ಕೊಟ್ಟಿದ್ದ.

ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಗುಂಡಿ ಎನ್ನುವ ಹೆಸರೂ ಆ ಅಂಗಡಿಯಲ್ಲೇ ಹುಟ್ಟಿದ್ದು. ಎರಡು ವರ್ಷದವಳಿದ್ದಾಗ ಅವಳು ಯಾರದೋ ಅಂಗಿಯ ಗುಂಡಿಯೊಂದನ್ನು ನುಂಗಿಬಿಟ್ಟಿದ್ದಳು. ಆ ಗುಂಡಿ ಮೂರನೇ ದಿನ ಬರಬೇಕಾದ ದಾರಿಯಲ್ಲೇ ಹೊರಗೆ ಬಂತು. ಹೆಸರು ಮಾತ್ರ ಹೋಗಲಿಲ್ಲ.

ಐದು ತಿಂಗಳ ಹಿಂದೆ ಅಪ್ಪನ ಸ್ಕೂಟರ್ ಸ್ಕಿಡ್ ಆಗಿತ್ತು. ಬಿದ್ದ ರಭಸಕ್ಕೆ ಬಲಗೈ ಒಂದು ಅಂಗಡಿಯ ಗಾಜನ್ನು ಒಡೆದುಕೊಂಡು ಒಳಗೆ ಹೋಯಿತು. ಮಣಿಕಟ್ಟಿನ ಹತ್ತಿರ ನರ ತುಂಡಾಯಿತು. ಡಾಕ್ಟರು ನರ ಜೋಡಿಸಿ ಹೊಲಿಗೆ ಹಾಕಿದರು. ಆಗ ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಕೂತು ಕೈ ತಿರುಗಿಸಿ ನೋಡಿ, "ಇಷ್ಟು ಕೆಟ್ಟ ಹೊಲಿಗೆ ನಾನು ಜನ್ಮದಲ್ಲಿ ಹಾಕಿಲ್ಲ," ಎಂದಿದ್ದ. ಅಮ್ಮ ಅಳುತ್ತಲೇ ನಕ್ಕಿದ್ದಳು.

ಅದೇ ಕೊನೆ. ಮನೆಗೆ ಬಂದ ಮೇಲೆ ಅಪ್ಪ ತಮಾಷೆ ಮಾಡಿದ್ದು ಗುಂಡಿಗೆ ನೆನಪಿಲ್ಲ.

ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಸ್ಪರ್ಶವೇ ಇರಲಿಲ್ಲ. ಒಂದು ಸಲ ಬಿಸಿ ಲೋಟ ಹಿಡಿದು ಬೊಬ್ಬೆ ಬಂದಿತ್ತು. ಬೊಬ್ಬೆ ನೋಡಿದ ಮೇಲೆಯೇ ಲೋಟ ಬಿಸಿಯಿತ್ತು ಎಂದು ಅಪ್ಪನಿಗೆ ಗೊತ್ತಾಗಿದ್ದು. ಹೊಲಿಗೆ ಮಷಿನ್ನಿಗೆ ಹಳೆಯ ದುಪ್ಪಟಿ ಹೊದಿಸಿದರು. ಅಮ್ಮ ಬಿಸ್ಕೆಟ್ ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಅವಳು ಬೆಳಗ್ಗೆ ಕತ್ತಲಲ್ಲಿ ಹೋದರೆ ಬರುವುದು ಸಂಜೆ ಕತ್ತಲಲ್ಲಿ. ಬರುವಾಗ ಮುರಿದ ಬಿಸ್ಕೆಟ್ ತರುತ್ತಿದ್ದಳು. ಮೊದಮೊದಲು ಗುಂಡಿಗೆ ಅದು ಖುಷಿ ಕೊಟ್ಟಿತ್ತು. ಈಗ ಬಿಸ್ಕೆಟ್ ವಾಸನೆ ಬಂದರೆ ಸಾಕು, ಅಮ್ಮನ ಸುಸ್ತಾದ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಅಕ್ಕ ಒಬ್ಬಳಿದ್ದಳು. ನರ ಬಹಳ ನಿಧಾನಕ್ಕೆ ಬೆಳೆಯುತ್ತದೆ, ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ಬೆರಳಿಗೆ ಕೆಲಸ ಕೊಡುತ್ತಲೇ ಇರಬೇಕು, ಬಿಟ್ಟರೆ ಕೈ ಸೆಟೆದುಹೋಗುತ್ತದೆ ಎಂದು ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು. ಹೆಕ್ಕಲು ಬಣ್ಣದ ಮಣಿಗಳನ್ನು ಕೊಟ್ಟಾಗ ಅಪ್ಪನಿಗೆ ಸಿಟ್ಟು ಬಂತು.

"ನಾನೇನು ಮಗುನಾ, ಮಣಿ ಆಡ್ತಾ ಕೂರೋಕೆ?"

"ಬೇಡ ಬಿಡಿ. ಬೀಜ ಹೆಕ್ಕಿ. ಹೆಕ್ಕಿದ್ದನ್ನ ಬಿತ್ತಿ. ಆಗ ಆಟ ಅನ್ಸಲ್ಲ," ಎಂದಳು ಅವಳು.

ಮೊದಲು ಹುರುಳಿಕಾಯಿಯ ದಪ್ಪ ಬೀಜ. ಅದನ್ನು ತಟ್ಟೆಯಿಂದ ಎತ್ತಲು ಅಪ್ಪನಿಗೆ ಹದಿನೈದು ದಿನ ಬೇಕಾಯಿತು. ಆಮೇಲೆ ಕುಂಬಳದ ಬೀಜ, ಆಮೇಲೆ ಮೆಣಸಿನ ಬೀಜ. ಕೊನೆಗೆ ಸಾಸಿವೆ ಕಾಳಿನಷ್ಟೇ ಇರುವ ಎಲೆಕೋಸಿನ ಬೀಜ. ಮೂವತ್ತೆರಡು ಬೀಜಗಳನ್ನು ಒಂದೊಂದಾಗಿ ಎತ್ತಿ ಮಣ್ಣು ತುಂಬಿದ ಹಳೆಯ ಕಪ್‌ಗಳಲ್ಲಿ ಹಾಕಲು ಒಂದು ಇಡೀ ದಿನ ಹಿಡಿಯಿತು. ಅವು ಮೊಳೆತು ನಾಲ್ಕೆಲೆ ಬಂದಾಗ, ಹಿತ್ತಲಲ್ಲಿ ನೀರಿನ ಟ್ಯಾಂಕಿನ ಪಕ್ಕ ಪಾತಿ ಮಾಡಿ ಅಪ್ಪ ಬಲಗೈಯಲ್ಲೇ ಎಲ್ಲವನ್ನೂ ನೆಟ್ಟ. ಅಂದು ರಾತ್ರಿ ಊಟಕ್ಕೆ ಕೂತಾಗ ಅವನು ಎರಡು ಸಲ ಬಡಿಸಿಕೊಂಡ. ಅಮ್ಮ ಗುಂಡಿಯ ಕಡೆ ನೋಡಿ ಹುಬ್ಬು ಹಾರಿಸಿದಳು.

ಮಾರನೇ ದಿನ ಬೆಳಗ್ಗೆ ನೋಡಿದರೆ ಐದು ಗಿಡಗಳ ಜಾಗದಲ್ಲಿ ಬರೀ ದಂಟು. ಸುತ್ತ ಮಣ್ಣಿನ ಮೇಲೆ ಲೋಳೆಯ ಗೆರೆಗಳು ಹೊಳೆಯುತ್ತಿದ್ದವು. ಅಂದಿನಿಂದ ಬೆಳಗ್ಗೆ ಶಾಲೆಗೆ ಮುಂಚೆ ಒಂದು ಸಲ, ಸಂಜೆ ಕತ್ತಲಾಗುವಾಗ ಒಂದು ಸಲ ಗುಂಡಿಗೆ ಈ ಕೆಲಸ ಗಂಟುಬಿತ್ತು.

"ಉಪ್ಪು ಹಾಕೇ," ಎಂದ ಪ್ರೊಫೆಸರ್.

ಪ್ರೊಫೆಸರ್ ಎಂದರೆ ಗುಂಡಿಯ ಕ್ಲಾಸಿನ ಹುಡುಗ. ಕೇಳಿದ್ದಕ್ಕೂ ಕೇಳದ್ದಕ್ಕೂ ಅವನ ಬಳಿ ಉತ್ತರ ಇರುತ್ತಿತ್ತು. ಅರ್ಧ ತಪ್ಪು, ಅರ್ಧ ಸರಿ. ಯಾವ ಅರ್ಧ ಯಾವುದು ಎಂದು ಗೊತ್ತಾಗುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತಿತ್ತು.

"ಉಪ್ಪು ಹಾಕಿದ್ರೆ?"

"ಕರಗಿ ಹೋಗ್ತವೆ. ಗಿಡದ ಸುತ್ತ ಕೋಟೆ ಥರ ಹಾಕ್ಬಿಡು. ಒಂದು ಹುಳನೂ ದಾಟಲ್ಲ. ಮುಟ್ಟೋದೂ ಬೇಡ, ಸೋಪೂ ಬೇಡ."

ಸೋಪೂ ಬೇಡ ಎಂಬ ಮಾತು ಗುಂಡಿಗೆ ಬಹಳ ಹಿಡಿಸಿತು.

ಅಂದು ಸಂಜೆ ಅವಳು, "ಅಪ್ಪ, ನೀನು ಮಳೇಲಿ ನಿಲ್ಬೇಡ. ನಾನೊಬ್ಳೇ ನೋಡ್ಕೊಂಡು ಬರ್ತೀನಿ," ಎಂದಳು. ಅಪ್ಪನಿಗೆ ಆಶ್ಚರ್ಯವಾಯಿತು. "ಜಾಣೆ," ಎಂದು ಅಲ್ಲೇ ಕೂತ. ಗುಂಡಿ ಅಡುಗೆಮನೆಯ ಉಪ್ಪಿನ ಜಾಡಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಪ್ರೊಫೆಸರ್ ಹೇಳಿದ್ದು ನಿಜವಾಗಿತ್ತು. ಉಪ್ಪು ಬಿದ್ದ ಹುಳು ಮುದುಡಿಕೊಂಡಿತು. ಮೈಯಿಂದ ನೊರೆ ಉಕ್ಕಿತು, ಒಂದೆರಡು ಸಲ ಹೊರಳಿತು, ಆಮೇಲೆ ಸುಮ್ಮನಾಯಿತು. ಗುಂಡಿ ಮುಖ ಆಚೆ ತಿರುಗಿಸಿಕೊಂಡೇ ಒಂದೊಂದು ಗಿಡದ ಸುತ್ತ ಧಾರಾಳವಾಗಿ ಉಪ್ಪಿನ ಕೋಟೆ ಕಟ್ಟಿದಳು. ಟ್ಯಾಂಕಿನ ಪೈಪಿನ ಹಿಂದೆ, ಮೂಲೆಯಲ್ಲಿ ಎರಡು ಬಡಕಲು ಗಿಡಗಳಿದ್ದವು. ಅಲ್ಲಿಗೆ ಬರುವಷ್ಟರಲ್ಲಿ ಜಾಡಿ ಖಾಲಿ. ಅವುಗಳ ಎಲೆಯಲ್ಲಿ ಹೇಗಿದ್ದರೂ ಜರಡಿಯಂತೆ ತೂತು ಬಿದ್ದಿತ್ತು.

"ನೀವೆರಡು ಹೋದ ಹಾಗೇ ಲೆಕ್ಕ," ಎಂದು ಅವಳು ಒಳಗೆ ಬಂದಳು.

ಬೆಳಗ್ಗೆ ಅಪ್ಪ ಪಾತಿ ನೋಡಿದಾಗ ಒಂದು ಗಿಡವೂ ಕಡಿಮೆಯಾಗಿರಲಿಲ್ಲ. ಉಪ್ಪೆಲ್ಲ ಮಳೆಗೆ ಕರಗಿ ಮಣ್ಣಿಗೆ ಇಳಿದಿತ್ತು. "ನಿನ್ನ ಕಣ್ಣು ಚುರುಕು ಗುಂಡಿ. ಒಂದನ್ನೂ ಬಿಟ್ಟಿಲ್ಲ," ಎಂದ. ಹೊಗಳಿಸಿಕೊಂಡವಳು ಸುಮ್ಮನಿರುವುದು ಹೇಗೆ? ಅಮ್ಮ ಹೊಸ ಪ್ಯಾಕೆಟ್ ಒಡೆದು ಜಾಡಿ ತುಂಬಿದ್ದಳು, ಅಂದು ಸಂಜೆಯೂ ಹಾಕಿದಳು. ಮರುದಿನವೂ ಹಾಕಿದಳು. ಒಟ್ಟು ನಾಲ್ಕು ಸಂಜೆ. ಮೂಲೆಯ ಎರಡು ಗಿಡಗಳ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

"ಈ ಮನೇಲಿ ಉಪ್ಪಿಗೆ ಕಾಲು ಬಂದಿದೆಯೇನ್ರಿ?" ಎಂದಳು ಅಮ್ಮ ನಾಲ್ಕನೇ ದಿನ, ಜಾಡಿಯನ್ನು ಬೆಳಕಿಗೆ ಹಿಡಿದು. "ಮೊನ್ನೆ ತಾನೇ ಪ್ಯಾಕೆಟ್ ಒಡೆದಿದ್ದೆ."

"ನಾನೇನು ಉಪ್ಪು ಮುಕ್ಕಿದ್ನಾ?" ಎಂದ ಅಪ್ಪ.

"ಯಾರು ತಿಂದಿದಾರೋ ಬಿಡಿ. ಉಪ್ಪು ತಿಂದವರು ನೀರು ಕುಡೀಲೇಬೇಕು."

ಗುಂಡಿ ಆಗ ತಾನೇ ನೀರಿನ ಲೋಟ ಎತ್ತಿದ್ದಳು. ಮೆಲ್ಲಗೆ ಕೆಳಗಿಟ್ಟಳು.

ಐದನೇ ದಿನ ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿತು, ಇಸ್ತ್ರಿ ಜಾಸ್ತಿ ಹೊತ್ತು ಇಟ್ಟ ಬಟ್ಟೆಯ ಹಾಗೆ. ಆರನೇ ದಿನ ಎಲೆಗಳು ಜೋತುಬಿದ್ದವು. ಅಪ್ಪ ಮೊದಲು ಬಿಸಿಲು ಸಾಲದು ಎಂದ. ಆಮೇಲೆ ನೀರು ಹೆಚ್ಚಾಯಿತು ಎಂದ. ಪಾತಿಯ ಪಕ್ಕ ಒಂದು ಕಾಲುವೆ ತೋಡಿದ. ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ಬರುತ್ತಿದ್ದ. ಗಿಡಗಳು ಏಳಲಿಲ್ಲ.

ಗುರುವಾರ ಶಾಲೆಯಲ್ಲಿ ಗುಂಡಿ ಪ್ರೊಫೆಸರನ್ನು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಉಪ್ಪು ಹಾಕಿದ್ರೆ ಗಿಡಕ್ಕೆ ಏನಾದ್ರೂ ಆಗುತ್ತೇನೋ?"

"ಗಿಡಕ್ಯಾಕೆ ಆಗುತ್ತೆ? ಸಮುದ್ರದ ಪಕ್ಕ ತೆಂಗಿನಮರ ಇರಲ್ವಾ?" ಎಂದ ಅವನು ಒಂದು ಕ್ಷಣವೂ ಯೋಚಿಸದೆ. ಆಮೇಲೆ ಅವಳ ಮುಖ ನೋಡಿ, "ಎಷ್ಟು ಹಾಕ್ದೆ?" ಎಂದು ಕೇಳಿದ.

"ಒಂದೂವರೆ ಪ್ಯಾಕೆಟ್."

ಪ್ರೊಫೆಸರ್ ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳತೊಡಗಿದ. ಅವನು ಮಾತಿಲ್ಲದೆ ನಿಂತಿದ್ದನ್ನು ಗುಂಡಿ ಎಂದೂ ನೋಡಿರಲಿಲ್ಲ.

ಶುಕ್ರವಾರ ಸಂಜೆ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಹಿತ್ತಲಿಗೆ ಓಡಿದಳು. ಅಪ್ಪ ಅಲ್ಲೇ ಇದ್ದ. ಒದ್ದೆ ಕಲ್ಲಿನ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. ಗಿಡಗಳೆಲ್ಲ ನೆಲಕ್ಕೆ ಮಲಗಿಬಿಟ್ಟಿದ್ದವು. ಗುಂಡಿಯ ಕಣ್ಣು ಸೀದಾ ಪೈಪಿನ ಹಿಂದಿನ ಮೂಲೆಗೆ ಹೋಯಿತು.

ಅಲ್ಲಿ ಆ ಎರಡು ಬಡಕಲು ಗಿಡಗಳು ನೆಟ್ಟಗೆ ನಿಂತಿದ್ದವು. ಎಲೆಯಲ್ಲಿ ತೂತುಗಳಿದ್ದವು, ಆದರೆ ಹಸಿರಾಗಿದ್ದವು. ಒಂದು ಹೊಸ ಎಲೆ ಕೂಡ ಬಂದಿತ್ತು. ಪೈಪು ಅಡ್ಡವಿದ್ದದ್ದರಿಂದ ಅಪ್ಪ ಕೂತಲ್ಲಿಂದ ಅವು ಕಾಣುತ್ತಿರಲಿಲ್ಲ.

ಪ್ರೊಫೆಸರನ್ನಾಗಲಿ ಪುಸ್ತಕವನ್ನಾಗಲಿ ಇನ್ನು ಕೇಳುವುದು ಬೇಕಿರಲಿಲ್ಲ. ಉಪ್ಪು ಹಾಕಿದವೆಲ್ಲ ಸತ್ತಿದ್ದವು. ಹಾಕದವು ಬದುಕಿದ್ದವು.

"ಯಾಕೆ ಅಂತ ಗೊತ್ತಾಯ್ತು ಗುಂಡಿ," ಎಂದ ಅಪ್ಪ.

ಗುಂಡಿ ಪೈಪಿನ ಕಡೆಯಿಂದ ತಟ್ಟನೆ ಮುಖ ತಿರುಗಿಸಿದಳು.

"ನೆಡುವಾಗ ಬೇರು ಜಜ್ಜಿಬಿಟ್ಟಿದೀನಿ. ಈ ಬೆರಳಿಗೆ ಎಷ್ಟು ಒತ್ತಿದೆ ಅಂತಾನೇ ಗೊತ್ತಾಗಲ್ಲ ನೋಡು. ಮೆಲ್ಲಗೆ ಒತ್ತಿದೆ ಅಂದ್ಕೊಂಡಿದ್ದೆ. ಎಲ್ಲಾನೂ ಅದುಮಿ ಸಾಯಿಸಿದೀನಿ." ಅವನು ತಲೆ ಎತ್ತಿ ಅವಳನ್ನು ನೋಡಿದ. "ಹಾಗೇ ಆಗಿರ್ಬೇಕು, ಅಲ್ವಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಎರಡೇ ಮಾತು ಸಾಕಿತ್ತು. ಆದರೆ ಜಾಣೆ ಎಂದು ಕರೆಸಿಕೊಂಡಿದ್ದು, ಉಪ್ಪಿನ ಜಾಡಿ, ಅಮ್ಮನ ಮುಖ ಎಲ್ಲ ಒಟ್ಟಿಗೆ ನೆನಪಾಗಿ ಹೆದರಿಕೆಯಾಯಿತು.

"ಗೊತ್ತಿಲ್ಲಪ್ಪ," ಎಂದಳು ಗುಂಡಿ.

ರಾತ್ರಿ ಊಟದ ಹೊತ್ತಿಗೆ ಅಪ್ಪ ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿ ಅಮ್ಮನಿಗೆ ಹೇಳಿದ: "ಸ್ಟಾರ್ ಟೈಲರ್‌ಗೆ ಫೋನ್ ಮಾಡಿದ್ದೆ. ಭಾನುವಾರ ಬರ್ತಾನೆ, ಮಷಿನ್ ನೋಡೋಕೆ."

ಅಮ್ಮನ ಕೈಯ ಸೌಟು ಪಾತ್ರೆಯೊಳಗೇ ನಿಂತಿತು. "ಯಾರನ್ನ ಕೇಳಿ ಮಾಡಿದ್ರಿ?"

"ಯಾರನ್ನ ಕೇಳ್ಬೇಕು?"

"ಒಂದು ವರ್ಷ ಬೇಕು ಅಂತ ಆಸ್ಪತ್ರೇಲಿ ಹೇಳಿದಾರೆ. ಇನ್ನೂ ಐದು ತಿಂಗಳಾಗಿದೆ."

"ಒಂದು ಕೋಸಿನ ಗಿಡ ನೆಡೋಕಾಗದ ಕೈ ಕಣೇ ಇದು. ಸೂಜಿ ಹಿಡಿಯುತ್ತಾ?" ಅಪ್ಪ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಅಮ್ಮ ಜಗಳವಾಡುತ್ತಿದ್ದಳೇನೋ. ಅವನು ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದ. "ಮಷಿನ್ ಸುಮ್ನೆ ತುಕ್ಕು ಹಿಡಿಯೋ ಬದ್ಲು ಯಾರಾದ್ರೂ ತುಳೀಲಿ."

ಗುಂಡಿ ತಟ್ಟೆ ನೋಡುತ್ತಾ ಕೂತಳು. ಗಿಡ ಸತ್ತರೆ ಬೈಗುಳ ಬೀಳುತ್ತದೆ ಎಂದಷ್ಟೇ ಅವಳು ಹೆದರಿದ್ದಳು. ವಿಷಯ ಗಿಡವನ್ನು ದಾಟಿ ಎಲ್ಲಿಗೋ ಹೋಗಿತ್ತು.

ಶನಿವಾರ ಅಪ್ಪ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಬೀಜದ ತಟ್ಟೆಯನ್ನು ಅಟ್ಟದ ಮೇಲೆ ಎತ್ತಿಟ್ಟು, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತೂರಿಸಿಕೊಂಡು ಕಿಟಕಿಯ ಹತ್ತಿರ ಕೂತ. ಇಡೀ ದಿನ ಆ ಕೈ ಹೊರಗೆ ಬರಲಿಲ್ಲ. ಗುಂಡಿ ಹೇಳಿಬಿಡಬೇಕು ಎಂದು ಮೂರು ಸಲ ಹೊರಟಳು. ಒಂದು ಸಲ ಅಪ್ಪ ಸ್ನಾನಕ್ಕೆ ಹೋಗಿದ್ದ. ಇನ್ನೊಂದು ಸಲ ಪಕ್ಕದ ಮನೆಯವರು ಬಂದು ಕೂತಿದ್ದರು. ಮೂರನೇ ಸಲ ಯಾರೂ ಇರಲಿಲ್ಲ, ಏನೂ ಅಡ್ಡವಿರಲಿಲ್ಲ. ಅಪ್ಪನ ಮುಂದೆ ಹೋಗಿ ನಿಂತು, "ಬಿಸ್ಕೆಟ್ ಬೇಕಾ?" ಎಂದು ಕೇಳಿ ವಾಪಸ್ಸು ಬಂದಳು.

ಭಾನುವಾರ ಹತ್ತು ಗಂಟೆಗೆ ಸ್ಟಾರ್ ಟೈಲರ್ ಬಂದ. ಹಿಂದೆ ಅಪ್ಪನ ಕೈಕೆಳಗೆ ಕಟಿಂಗ್ ಕಲಿತವನು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇಟ್ಟಿದ್ದ. ಅಂಗಡಿಯ ಹೆಸರೇ ಅವನ ಹೆಸರಾಗಿತ್ತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದವನ ಹಾಗೆ ನಿಂತ.

"ಇನ್ನೊಂದ್ಸಲ ಯೋಚ್ನೆ ಮಾಡಿ ಮಾಸ್ಟ್ರೇ."

"ಯೋಚ್ನೆ ಮಾಡಿಯೇ ಕರ್ದಿದ್ದು. ತುಳಿದು ನೋಡು."

ಸ್ಟಾರ್ ಟೈಲರ್ ದುಪ್ಪಟಿ ಎಳೆದ. ಚಕ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ದಾರ ಪೋಣಿಸಿ, ಒಂದು ತುಂಡು ಬಟ್ಟೆ ಇಟ್ಟು ತುಳಿದ. ಟಕಟಕಟಕ ಎಂದು ಮಷಿನ್ ಓಡತೊಡಗಿತು.

ಐದು ತಿಂಗಳಾಗಿತ್ತು ಆ ಸದ್ದು ಕೇಳಿ. ಗುಂಡಿ ಹುಟ್ಟಿದಾಗಿನಿಂದ ಆ ಸದ್ದು ಕೇಳುತ್ತಲೇ ಮಲಗಿದವಳು, ಕೇಳುತ್ತಲೇ ಎದ್ದವಳು. ಅಡುಗೆಮನೆಯಿಂದ ಅಮ್ಮ ಬಾಗಿಲಿಗೆ ಬಂದು ನಿಂತಳು. ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ. ಗುಂಡಿ ಅವನ ಬೆನ್ನು ನೋಡಿದಳು. ಅಲ್ಲಿಗೆ ಅವಳ ಕೈಲಿ ತಡೆಯಲಾಗಲಿಲ್ಲ.

"ಅಪ್ಪ, ಉಪ್ಪು," ಎಂದಳು.

"ಏನು ಉಪ್ಪು?"

"ಕೋಸಿನ ಗಿಡಕ್ಕೆ ಉಪ್ಪು ಹಾಕಿದ್ದು ನಾನು. ಹುಳ ಮುಟ್ಟೋಕೆ ಅಸಹ್ಯ ಆಗ್ತಿತ್ತು. ನೀನು ಬೇರು ಜಜ್ಜಿಲ್ಲ. ನಾಲ್ಕು ದಿನ ಹಾಕ್ದೆ. ಒಂದೂವರೆ ಪ್ಯಾಕೆಟ್."

ಮಷಿನ್ ನಿಂತಿತು.

"ಅಡುಗೆ ಮಾಡೋಕೆ ಮುಂಚೆನೇ ಉಪ್ಪು ಹಾಕ್ಬಿಟ್ಯಾ?" ಎಂದ ಸ್ಟಾರ್ ಟೈಲರ್. ಯಾರೂ ನಗಲಿಲ್ಲ. ಅವನು ಸೂಜಿಯಿಂದ ದಾರ ಬಿಚ್ಚತೊಡಗಿದ.

ಅಪ್ಪ ಸೀದಾ ಹಿತ್ತಲಿಗೆ ನಡೆದ. ಗುಂಡಿ ಹಿಂದೆಯೇ ಹೋದಳು, ಅಮ್ಮ ಅವಳ ಹಿಂದೆ. ಅಪ್ಪ ಒಂದು ಸತ್ತ ಗಿಡವನ್ನು ಮಣ್ಣಿನ ಸಮೇತ ಎತ್ತಿ ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿದ. ಮಣ್ಣು ಕಳಚಿ ಬೇರು ಕಂಡಿತು. ಕಂದಿಹೋಗಿತ್ತು, ಆದರೆ ಎಲ್ಲೂ ಜಜ್ಜಿರಲಿಲ್ಲ, ಮುರಿದಿರಲಿಲ್ಲ. ಸಣ್ಣ ಸಣ್ಣ ಎಳೆಗಳೂ ಹಾಗೇ ಇದ್ದವು. ಅವನು ಇನ್ನೊಂದನ್ನು ಎತ್ತಿದ. ಅದೂ ಹಾಗೇ. ಮೂರನೆಯದು, ನಾಲ್ಕನೆಯದು. ಕೊನೆಗೆ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದ.

"ಅಲ್ಲಿ ಎರಡಿದೆ ಅಪ್ಪ," ಗುಂಡಿ ಪೈಪಿನ ಹಿಂದೆ ತೋರಿಸಿದಳು. "ಅವನ್ನೂ ನೀನೇ ನೆಟ್ಟಿದ್ದು. ಅದೇ ಕೈಯಲ್ಲಿ."

ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇವಕ್ಕೆ ಯಾಕೆ ಹಾಕಿಲ್ಲ?"

"ಉಪ್ಪು ಮುಗೀತು."

ಅಮ್ಮನಿಗೆ ನಗು ಬಂತೋ ಅಳು ಬಂತೋ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಪ್ಪ ಕೈ ತೊಳೆದುಕೊಂಡು ಮುಂದಿನ ಕೋಣೆಗೆ ಬಂದ. "ಕೊಡಲ್ಲ ಕಣಪ್ಪ. ಈಗ ಬೇಡ. ಸುಮ್ನೆ ಅಲೆಸ್ದೆ ನಿನ್ನ."

"ಸದ್ಯ," ಎಂದ ಸ್ಟಾರ್ ಟೈಲರ್, ಚಪ್ಪಲಿ ಹುಡುಕುತ್ತಾ. "ನಿಮ್ಮ ಮಷಿನ್ ಮುಂದೆ ಕೂತು ತುಳಿಯೋಕೆ ನನಗೆ ಕಾಲೇ ಬರ್ತಿರಲಿಲ್ಲ ಮಾಸ್ಟ್ರೇ." ಬಾಗಿಲ ಬಳಿ ಗುಂಡಿಯ ತಲೆಗೆ ಮೆಲ್ಲಗೆ ಒಂದು ಮೊಟಕಿ ಹೋದ.

ಇನ್ನು ಬೈಗುಳ ಬೀಳುತ್ತದೆ ಎಂದು ಗುಂಡಿ ಕಾದಳು. ಬೀಳಲಿಲ್ಲ. ಅಮ್ಮ ಮಾತ್ರ, "ನಾನು ಜಾಡಿ ಹಿಡ್ಕೊಂಡು ಕೇಳಿದಾಗ್ಲೂ ಬಾಯಿ ಬಿಟ್ಟಿಲ್ಲ ನೋಡು," ಎಂದು ಒಂದು ಸಲ ಗದರಿಸಿದಳು. ಅಪ್ಪ ಅದನ್ನೂ ಮಾಡಲಿಲ್ಲ. ಮಧ್ಯಾಹ್ನ ಊಟ ಮಾಡಿದ. ಅಟ್ಟದಿಂದ ಬೀಜದ ತಟ್ಟೆ ಇಳಿಸಿ ಮೇಜಿನ ಮೇಲಿಟ್ಟ. ಪಾತಿಯ ಉಪ್ಪು ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಸಾಗಿಸಿದ. ಗುಂಡಿ ಇನ್ನೊಂದು ಬುಟ್ಟಿ ತಂದಾಗ ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಒಂದು ಮಾತೂ ಇಲ್ಲದೆ ಸಂಜೆಯಾಯಿತು. ಬೈದರೆ ಇದಕ್ಕಿಂತ ಎಷ್ಟೋ ವಾಸಿ ಎನಿಸಿತು ಗುಂಡಿಗೆ.

ಕತ್ತಲಾಗುವ ಹೊತ್ತಿಗೆ ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಮಳೆ ಸಣ್ಣಗೆ ಹನಿಯುತ್ತಿತ್ತು. ಗುಂಡಿ ಹೋಗಿ ಸ್ವಲ್ಪ ದೂರ ಬಿಟ್ಟು ಕೂತಳು.

"ಸಿಟ್ಟಾ ಅಪ್ಪ?"

"ಉಪ್ಪು ಹಾಕಿದ್ದಕ್ಕಾ? ಇಲ್ಲ. ನಿನಗೆ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ." ಅಪ್ಪ ಪಾತಿಯ ಹತ್ತಿರದ ಕಲ್ಲಿನ ಕಡೆ ನೋಡಿದ. "ಶುಕ್ರವಾರ ನಾನಲ್ಲಿ ಕೂತಿದ್ದೆ. ಬೇರು ಜಜ್ಜಿದೀನಿ, ಅಲ್ವಾ ಅಂತ ನಿನ್ನ ಕೇಳ್ದೆ. ಆವಾಗ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಗುಂಡಿ ಕೆಸರಾಗಿದ್ದ ತನ್ನ ಕಾಲುಬೆರಳುಗಳನ್ನು ನೋಡಿದಳು.

"ಗೊತ್ತಿತ್ತು," ಎಂದಳು.

ಅಪ್ಪ ತಲೆಯಾಡಿಸಿದ. "ಎರಡು ರಾತ್ರಿ ನಾನು ನಿದ್ದೆ ಮಾಡಿಲ್ಲ ಗುಂಡಿ. ಈ ಕೈನ ಕತ್ತರಿಸಿ ಎಸೀಬೇಕು ಅನ್ನಿಸ್ಬಿಟ್ಟಿತ್ತು."

ಗುಂಡಿಗೆ ಅಳು ಬಂತು. ಸಾರಿ ಎನ್ನಲು ಬಾಯಿ ತೆರೆದಳು. ಲೋಟ ಒಡೆದಾಗ, ಹೋಮ್‌ವರ್ಕ್ ಬಿಟ್ಟಾಗ, ಪ್ರೊಫೆಸರನ ಪೆನ್ಸಿಲ್ ಕಳೆದಾಗ ಹೇಳಿದ್ದೂ ಅದೇ ಮಾತು. ಅದನ್ನೇ ಇಲ್ಲೂ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಮೂಗು ಒರೆಸಿಕೊಂಡಳು. ಅಪ್ಪನೂ ಅವಳನ್ನು ಸಮಾಧಾನ ಮಾಡಲಿಲ್ಲ.

ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಶುರುವಾಗಿ, ಮುಗಿಯಿತು.

"ಶನಿವಾರದ ಆಸ್ಪತ್ರೆ ತಪ್ಪಿಸ್ಕೊಂಡೆ," ಎಂದ ಅಪ್ಪ ಕೊನೆಗೆ. "ನಾಳೆ ಹೋಗ್ಬೇಕು. ಆರು ಗಂಟೆ ಬಸ್ಸು. ನಿದ್ದೆ ಇಲ್ದೆ ಸಾಕಾಗಿದೆ, ಎಚ್ಚರ ಆಗುತ್ತೋ ಇಲ್ವೋ. ನೀನು ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ."

ಅಪ್ಪ ಹೂಂ ಎಂದ. ಅಷ್ಟೆ. ಅವನ ಸಿಟ್ಟು ಹೋಯಿತೇ ಎಂದು ಗುಂಡಿ ಕೇಳಲಿಲ್ಲ, ಮುಖ ನೋಡಿ ತಿಳಿಯಲೂ ಹೋಗಲಿಲ್ಲ. ಅದು ಹೋಗುವುದಕ್ಕೆ ದಿನ ಬೇಕು ಎಂದು ಅವಳಿಗೆ ಗೊತ್ತಾಗಿತ್ತು. ಅವನು ಎದ್ದು ಒಳಗೆ ಹೋಗುವವರೆಗೂ ಅವಳು ಅಲ್ಲೇ ಕೂತಿದ್ದಳು.